ವಿಮ್‌ನಲ್ಲಿ ಬೇಗ ಸೆಲೆಕ್ಟ್ ಮಾಡೋದು ಹೇಗೆ? ‘ಎಲ್’ ಒತ್ತಿ ಒತ್ತಿ ಸಾಕಾಗಿದೆ

ಇಲಿಬಿಟ್ಟವ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ವಿಎಸ್ ಕೋಡ್ ಎಡಿಟರ್ ಬಿಟ್ಟು ನಿಯೋವಿಮ್‌ಗೆ (ಮೌಸ್ ಇಲ್ಲದೆ ಕೀಗಳಿಂದಲೇ ನಡೆಸುವ ವಿಮ್ ಎಡಿಟರ್‌ನ ಹೊಸ ರೂಪ) ಬಂದೆ. ಫೈಲಿನೊಳಗೆ ಓಡಾಡುವುದು ಈಗ ಕೈಗೆ ಹತ್ತಿದೆ. ಆದರೆ ಏನಾದರೂ ಸೆಲೆಕ್ಟ್ ಮಾಡಬೇಕು ಅಂದಾಗ ಮೌಸ್ ನೆನಪಾಗುತ್ತದೆ. ಸೆಲೆಕ್ಟ್ ಶುರು ಮಾಡಲು ‘ವಿ’ ಒತ್ತುತ್ತೇನೆ, ಆಮೇಲೆ ಒಂದೊಂದೇ ಅಕ್ಷರ ಮುಂದೆ ಹೋಗಲು ‘ಎಲ್ ಎಲ್ ಎಲ್ ಎಲ್’. ಒಂದು ಅಕ್ಷರ ಜಾಸ್ತಿ ಹೋಗುತ್ತದೆ, ‘ಎಚ್’ ಒತ್ತಿ ಹಿಂದೆ ಬರುತ್ತೇನೆ. ಸ್ಟಾಪ್ ದಾಟಿ ನಿಲ್ಲಿಸುವ ಬಸ್ಸಿನ ಹಾಗೆ.

ವಿಎಸ್ ಕೋಡ್‌ನಲ್ಲಿ ಶಿಫ್ಟ್-ಆಲ್ಟ್-ಬಲಬಾಣ ಒತ್ತುತ್ತಾ ಹೋದರೆ ಮೊದಲು ಪದ, ಆಮೇಲೆ ಕೋಟ್ಸ್ ಒಳಗಿನದು, ಆಮೇಲೆ ಆವರಣದ ಒಳಗಿನದು, ಕೊನೆಗೆ ಪೂರ್ತಿ ಫಂಕ್ಷನ್, ಹೀಗೆ ಹಿಗ್ಗುತ್ತಿತ್ತು. ಅಂಥದ್ದಕ್ಕೆ ಇಲ್ಲಿ ಯಾವ ಪ್ಲಗಿನ್ (ಎಡಿಟರ್‌ಗೆ ಸೇರಿಸುವ ಹೆಚ್ಚುವರಿ ತುಣುಕು) ಹಾಕಲಿ? ಕಂಡಕಂಡದ್ದನ್ನೆಲ್ಲ ಸೇರಿಸಿ ಈಗ 11 ಪ್ಲಗಿನ್ ಆಗಿವೆ. ಒಂದರ ಕೀ ಇನ್ನೊಂದು ಕಿತ್ತುಕೊಳ್ಳುತ್ತಿದೆ. ನನ್ನ ಕೆಲಸ ಪೈಥಾನ್, ಯಾಮಲ್ ಫೈಲುಗಳು, ಸ್ವಲ್ಪ ರಿಯಾಕ್ಟ್.

(ಕೀಗಳ ಹೆಸರನ್ನು ಕನ್ನಡದಲ್ಲೇ ಬರೆಯುತ್ತೇನೆ. ‘ದೊಡ್ಡ ವಿ’ ಅಂದರೆ ಶಿಫ್ಟ್ ಹಿಡಿದು ಒತ್ತಿದ ‘ವಿ’.)

ಸರ್ವರ್_ರೂಮ್
ಸೆಲೆಕ್ಟ್ ಮಾಡಿದ ಮೇಲೆ ಏನು ಮಾಡುತ್ತೀರಿ? ಅದನ್ನು ಮೊದಲು ಹೇಳಿ.

ಇಲಿಬಿಟ್ಟವ
ಏನು ಅಂದರೆ… ಅಳಿಸುತ್ತೇನೆ, ಬದಲಾಯಿಸುತ್ತೇನೆ, ಕಾಪಿ ಮಾಡುತ್ತೇನೆ. ಇನ್ನೇನಿರುತ್ತದೆ ಸರ್?

ಸರ್ವರ್_ರೂಮ್
ಹಾಗಾದರೆ ಹತ್ತರಲ್ಲಿ ಏಳು ಸಲ ನೀವು ಸೆಲೆಕ್ಟ್ ಮಾಡುವ ಅಗತ್ಯವೇ ಇಲ್ಲ.

ಬಿಲ್ ಜಾಯ್ 1976ರಲ್ಲಿ ಬರ್ಕ್ಲಿಯಲ್ಲಿ ವಿಮ್‌ನ ಪೂರ್ವಜ ವಿಐ ಬರೆಯಲು ಶುರು ಮಾಡಿದಾಗ ಅದರಲ್ಲಿ ಸೆಲೆಕ್ಷನ್ ಅನ್ನುವುದೇ ಇರಲಿಲ್ಲ. ವಿಷುಯಲ್ ಮೋಡ್ (‘ವಿ’ ಒತ್ತಿ ಸೆಲೆಕ್ಟ್ ಮಾಡುವ ಸ್ಥಿತಿ) ಬಂದದ್ದು ವಿಮ್‌ನಲ್ಲಿ. ಬ್ರಾಮ್ ಮೂಲೆನಾರ್ ಅದನ್ನು ಮೊದಲು ಬಿಡುಗಡೆ ಮಾಡಿದ್ದು 1991ರಲ್ಲಿ, ಅಮಿಗಾ ಕಂಪ್ಯೂಟರಿಗೆ. ಅಂದರೆ ಸೆಲೆಕ್ಟ್ ಮಾಡದೆಯೇ ಜನ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಏನು ಮಾಡಬೇಕು, ಯಾವುದಕ್ಕೆ ಮಾಡಬೇಕು, ಎರಡನ್ನೂ ಒಟ್ಟಿಗೆ ಹೇಳಿದರೆ ಮುಗಿಯಿತು. ‘ಡಿ’ ಅಂದರೆ ಅಳಿಸು, ‘ಸಿ’ ಅಂದರೆ ಅಳಿಸಿ ಹೊಸದು ಬರೆ, ‘ವೈ’ ಅಂದರೆ ಕಾಪಿ. ಯಾವುದನ್ನು ಅನ್ನುವುದಕ್ಕೆ ಟೆಕ್ಸ್ಟ್ ಆಬ್ಜೆಕ್ಟ್: ‘ಐ-ಡಬ್ಲ್ಯೂ’ ಪದ, ‘ಐ-"’ ಕೋಟ್ಸ್ ಒಳಗಿನದು, ‘ಐ-(’ ಆವರಣದ ಒಳಗಿನದು, ‘ಐ-ಪಿ’ ಪ್ಯಾರಾ. ಕರ್ಸರ್ ಒಳಗೆ ಎಲ್ಲಿದ್ದರೂ ಸರಿ. ‘ಸಿ-ಐ-"’ ಒತ್ತಿ, ಕೋಟ್ಸ್ ಒಳಗೆ ಇದ್ದದ್ದು ಹೋಗಿ ನೀವು ಟೈಪ್ ಮಾಡಲು ಸಿದ್ಧ.

ಇದರಲ್ಲಿ ವೇಗಕ್ಕಿಂತ ದೊಡ್ಡ ಲಾಭ ಚುಕ್ಕೆ ಕೀ, ಅಂದರೆ ಹಿಂದಿನ ಬದಲಾವಣೆಯನ್ನೇ ಮತ್ತೆ ಮಾಡುವ ಕೀ. ಒಂದು ಪ್ರಯೋಗ ಮಾಡಿ ನೋಡಿ. ‘ಯೂಸರ್’ ಅಂತ ಇಂಗ್ಲಿಷಿನ ನಾಲ್ಕು ಅಕ್ಷರದ ಹೆಸರಿನ ಮೇಲೆ ನಿಂತು ‘ವಿ-ಐ-ಡಬ್ಲ್ಯೂ’, ಆಮೇಲೆ ‘ಸಿ’ ಒತ್ತಿ ಹೊಸ ಹೆಸರು ಬರೆದು ಎಸ್ಕೇಪ್ ಒತ್ತಿ. ಈಗ ‘ಕಸ್ಟಮರ್’ ಅನ್ನುವ ಎಂಟು ಅಕ್ಷರದ ಹೆಸರಿನ ಶುರುವಿಗೆ ಹೋಗಿ ಚುಕ್ಕೆ ಒತ್ತಿ. ಮೊದಲ ನಾಲ್ಕು ಅಕ್ಷರ ಮಾತ್ರ ಬದಲಾಗುತ್ತದೆ, ಬಾಲ ಹಾಗೇ ನೇತಾಡುತ್ತದೆ. ಯಾಕೆಂದರೆ ವಿಷುಯಲ್ ಮೋಡ್‌ನಲ್ಲಿ ಮಾಡಿದ್ದನ್ನು ಚುಕ್ಕೆ ಅಷ್ಟೇ ಉದ್ದಕ್ಕೆ ಮತ್ತೆ ಮಾಡುತ್ತದೆ. ನೀವು ಸೆಲೆಕ್ಟ್ ಮಾಡಿದ್ದು ಒಂದು ಪದ ಅನ್ನುವುದು ಅದಕ್ಕೆ ನೆನಪಿಲ್ಲ, ನಾಲ್ಕು ಅಕ್ಷರ ಅನ್ನುವುದಷ್ಟೇ ನೆನಪು. ಅದೇ ‘ಸಿ-ಐ-ಡಬ್ಲ್ಯೂ’ ಅಂತ ಮಾಡಿದ್ದರೆ ಚುಕ್ಕೆ ಪೂರ್ತಿ ಪದವನ್ನೇ ಬದಲಿಸುತ್ತದೆ.

ಇಲಿಬಿಟ್ಟವ
ಅಯ್ಯೋ, ಮೊನ್ನೆ ಒಂದು ಫೈಲಿನಲ್ಲಿ ನನಗೆ ಹೀಗೇ ಆಗಿತ್ತು! ಯಾವುದೋ ಪ್ಲಗಿನ್ ಕೆಟ್ಟಿದೆ ಅಂದುಕೊಂಡು ಎರಡನ್ನು ತೆಗೆದು ಮತ್ತೆ ಹಾಕಿದೆ.

ಕಾಫಿಕೋಡು
ಸರ್ವರ್_ರೂಮ್ ಅವರೇ, ಚುಕ್ಕೆಯ ವಿಷಯ ನಿಜ. ಆದರೆ ಹೊಸಬರಿಗೆ ‘ಸೆಲೆಕ್ಟ್ ಮಾಡಲೇಬೇಡ’ ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ನನ್ನದು ಇಡೀ ದಿನ ಎಚ್‌ಟಿಎಂಎಲ್, ರಿಯಾಕ್ಟ್. ಡಿವ್ ಅನ್ನುವ ಟ್ಯಾಗ್ ಒಳಗೆ ಡಿವ್ ಒಳಗೆ ಡಿವ್. ‘ಡಿ-ಎ-ಟಿ’ (ಟ್ಯಾಗ್ ಪೂರ್ತಿ ಅಳಿಸು) ಅಂತ ಕುರುಡಾಗಿ ಒತ್ತಿದರೆ ಯಾವ ಡಿವ್ ಹೋಯಿತು ಅಂತ ಹೋದ ಮೇಲೆಯೇ ಗೊತ್ತಾಗುವುದು. ನಾನು ‘ವಿ-ಎ-ಟಿ’ ಒತ್ತಿ ನೋಡುತ್ತೇನೆ. ಸಾಲದಿದ್ದರೆ ಮತ್ತೆ ‘ಎ-ಟಿ’, ಒಂದು ಸುತ್ತು ಹೊರಗಿನ ಟ್ಯಾಗ್ ಬರುತ್ತದೆ. ಮತ್ತೆ ‘ಎ-ಟಿ’, ಇನ್ನೊಂದು ಸುತ್ತು. ಸರಿ ಅನ್ನಿಸಿದಾಗ ‘ಡಿ’. ಬಟ್ಟೆ ಕತ್ತರಿಸುವ ಮೊದಲು ಚಾಕ್‌ಪೀಸಲ್ಲಿ ಗೆರೆ ಎಳೆಯುತ್ತಾರಲ್ಲ, ಹಾಗೆ. ಆಮೇಲೆ ‘ಯು’ ಒತ್ತಿ ವಾಪಸ್ ತರಬಹುದು ಅಂತೀರಿ. ತರಬಹುದು, ಆದರೆ ತಪ್ಪಾಗಿದೆ ಅಂತ ಮೊದಲು ಗೊತ್ತಾಗಬೇಕಲ್ಲ.

ಇಲಿಬಿಟ್ಟವ ಅವರೇ, ಪ್ಲಗಿನ್‌ಗೆ ಮೊದಲು ಈ ನಾಲ್ಕನ್ನು ಕಲಿಯಿರಿ. ನನಗೆ ಯಾರೂ ಹೇಳಿರಲಿಲ್ಲ, ಒಂದು ವರ್ಷ ಹಾಳಾಯಿತು.

ಸೆಲೆಕ್ಟ್ ಆಗಿರುವಾಗ ‘ಓ’ ಒತ್ತಿದರೆ ಕರ್ಸರ್ ಇನ್ನೊಂದು ತುದಿಗೆ ಹಾರುತ್ತದೆ. ಶುರು ತಪ್ಪಾದರೆ ಎಲ್ಲ ಬಿಟ್ಟು ಮೊದಲಿಂದ ಮಾಡಬೇಕಿಲ್ಲ. ‘ಜಿ-ವಿ’ ಒತ್ತಿದರೆ ಹಿಂದಿನ ಸಲ ಸೆಲೆಕ್ಟ್ ಮಾಡಿದ್ದೇ ಮತ್ತೆ ಸೆಲೆಕ್ಟ್ ಆಗುತ್ತದೆ. ದೊಡ್ಡ ವಿ ಪೂರ್ತಿ ಸಾಲುಗಳನ್ನು ಹಿಡಿಯುತ್ತದೆ. ನಾಲ್ಕನೆಯದು ಕಂಟ್ರೋಲ್-ವಿ, ನಿಂತ ಕಂಬದ ಹಾಗೆ ಸೆಲೆಕ್ಟ್ ಮಾಡಲು. ವಿಂಡೋಸ್ ಟರ್ಮಿನಲ್‌ನಲ್ಲಿ ಕಂಟ್ರೋಲ್-ವಿ ಪೇಸ್ಟ್ ಆಗಿಬಿಡುತ್ತದೆ, ಅಲ್ಲಿ ಕಂಟ್ರೋಲ್-ಕ್ಯೂ ಒತ್ತಿ.

ಇಲಿಬಿಟ್ಟವ
ಈಗಷ್ಟೇ ‘ವಿ-ಐ-ಪಿ’ ಒತ್ತಿದೆ. ಪ್ಯಾರಾ ಪೂರ್ತಿ ಬಂತು. ವಿಐಪಿ ಅಂದರೆ ಹೀಗಿರಬೇಕು! ಆದರೆ ‘ಐ’ ಯಾವಾಗ, ‘ಎ’ ಯಾವಾಗ ಅನ್ನುವುದು ಇನ್ನೂ ಗೊಂದಲ.

ಧಾರವಾಡ_ಪೇಡಾ
ಬಾಳೆಹಣ್ಣು ನೆನಪಿಡ್ರಿ. ‘ಐ’ ಅಂದರೆ ಸುಲಿದ ಹಣ್ಣು, ‘ಎ’ ಅಂದರೆ ಸಿಪ್ಪೆ ಸಹಿತ. ‘ಐ-(’ ಆವರಣ ಬಿಟ್ಟು ಒಳಗಿನದು, ‘ಎ-(’ ಆವರಣ ಸೇರಿಸಿ. ಪದಕ್ಕೆ ಸಿಪ್ಪೆ ಅಂದರೆ ಪಕ್ಕದ ಸ್ಪೇಸ್. ಅದಕ್ಕೇ ಪದ ಅಳಿಸುವಾಗ ‘ಡಿ-ಎ-ಡಬ್ಲ್ಯೂ’, ಬದಲಿಸುವಾಗ ‘ಸಿ-ಐ-ಡಬ್ಲ್ಯೂ’. ಉಲ್ಟಾ ಮಾಡಿದರೆ ಒಂದು ಕಡೆ ಎರಡು ಸ್ಪೇಸ್ ಉಳೀತಾವ, ಇನ್ನೊಂದು ಕಡೆ ಎರಡು ಪದ ಅಂಟಿಕೊಂತಾವ.

ಪೈಥಾನ್, ಯಾಮಲ್ ಅಂದ್ರಲ್ಲ, ಅದಕ್ಕ ನನ್ನ ಅನುಭವ ಹೇಳತೀನಿ. ಇವೆರಡರಲ್ಲಿ ಬ್ಲಾಕ್ ಹೇಳುವುದು ಆವರಣ ಅಲ್ಲ, ಇಂಡೆಂಟ್ (ಸಾಲಿನ ಶುರುವಿನ ಖಾಲಿ ಜಾಗ). ಹಂಗಾಗಿ ‘ಐ-{’ ಇಲ್ಲಿ ಉಪಯೋಗಕ್ಕ ಬರೂದಿಲ್ಲ. ‘ಐ-ಪಿ’ ಮೇಲೆ ನಂಬಿಕೆ ಇಡಬ್ಯಾಡ್ರಿ, ಫಂಕ್ಷನ್ ನಡುವೆ ಒಂದು ಖಾಲಿ ಸಾಲು ಇದ್ದರೆ ಅಲ್ಲಿಗೇ ನಿಲ್ಲುತ್ತದೆ. ವಿಮ್-ಇಂಡೆಂಟ್-ಆಬ್ಜೆಕ್ಟ್ ಅಂತ ಸಣ್ಣ ಪ್ಲಗಿನ್ ಐತಿ. ಅದರಲ್ಲಿ ‘ಐ-ಐ’ ಅಂದರೆ ಒಂದೇ ಇಂಡೆಂಟ್‌ನ ಸಾಲುಗಳು, ‘ಎ-ಐ’ ಅಂದರೆ ಅದರ ಜೊತೆ ಮೇಲಿನ ತಲೆಸಾಲು ಕೂಡ. ‘ಇಫ್’ ಸಾಲಿನ ಸಮೇತ ಬ್ಲಾಕ್ ಎತ್ತಬೇಕು ಅಂದರೆ ‘ಡಿ-ಎ-ಐ’ ಒತ್ತಿದರೆ ಆತು. ಯಾಮಲ್‌ನಲ್ಲಿ ಒಂದು ಸರ್ವಿಸ್ ಪೂರ್ತಿ ಎತ್ತಿ ಬೇರೆ ಫೈಲಿಗೆ ಹಾಕಲು ನಾನು ದಿನಾ ಇದನ್ನೇ ಬಳಸುತ್ತೇನೆ. 11ರಲ್ಲಿ ಇದು ಇಲ್ಲದಿದ್ದರೆ 12 ಮಾಡ್ರಿ, ತಪ್ಪಿಲ್ಲ.

ಸರ್ವರ್_ರೂಮ್
‘12 ಮಾಡ್ರಿ’ ಅಂತೆ. ಮನುಷ್ಯ ಈಗಾಗಲೇ 11ರಲ್ಲಿ ಮುಳುಗಿದ್ದಾನೆ.

ಮರಕೋತಿ
ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ! ಅವರು ಕೇಳಿದ್ದು ಹಿಗ್ಗುವ ಸೆಲೆಕ್ಷನ್.

ಅದಕ್ಕೆ ಬೇಕಾದದ್ದು ಟ್ರೀ-ಸಿಟರ್. ಗಿಟ್‌ಹಬ್‌ನಲ್ಲಿ ಆಟಮ್ ಎಡಿಟರ್‌ಗಾಗಿ ಮ್ಯಾಕ್ಸ್ ಬ್ರನ್ಸ್‌ಫೆಲ್ಡ್ ಕಟ್ಟಿದ ಪಾರ್ಸರ್, ಅಂದರೆ ಕೋಡಿನ ರಚನೆ ಓದುವ ಸಾಧನ, ಅದು. ಆಟಮ್ ಹೋಯಿತು, ಮರ ಉಳಿಯಿತು. ನಿಯೋವಿಮ್‌ಗೆ 2021ರ 0.5 ಆವೃತ್ತಿಯಲ್ಲಿ ಬಂತು. ನೀವು ಟೈಪ್ ಮಾಡುತ್ತಿದ್ದ ಹಾಗೆ ಅದು ಕೋಡಿನ ಮರ ಕಟ್ಟುತ್ತಾ ಇರುತ್ತದೆ. ಹೆಸರು ಒಂದು ಎಲೆ, ಆರ್ಗ್ಯುಮೆಂಟ್ ಪಟ್ಟಿ ಒಂದು ರೆಂಬೆ, ಫಂಕ್ಷನ್ ಒಂದು ಕೊಂಬೆ. ಸೆಲೆಕ್ಷನ್ ಹಿಗ್ಗಿಸುವುದು ಅಂದರೆ ಎಲೆಯಿಂದ ಕೊಂಬೆಗೆ ಹತ್ತುವುದು. ಆವರಣ ಎಣಿಸುವ ಹಳೆಯ ಪ್ಲಗಿನ್‌ಗಳು ಸ್ಟ್ರಿಂಗ್ ಒಳಗೆ ಒಂಟಿ ಆವರಣ ಸಿಕ್ಕಿದರೆ ತಬ್ಬಿಬ್ಬಾಗುತ್ತವೆ. ಮರಕ್ಕೆ ಅದು ಸ್ಟ್ರಿಂಗ್ ಅಂತ ಗೊತ್ತಿರುತ್ತದೆ.

ಎರಡು ಎಚ್ಚರಿಕೆ. ಒಂದು, ನಿಯೋವಿಮ್ ಟ್ರೀ-ಸಿಟರ್ ಪ್ಲಗಿನ್‌ನ ಹಳೆಯ ಮಾಸ್ಟರ್ ಶಾಖೆಯಲ್ಲಿ ಇನ್‌ಕ್ರಿಮೆಂಟಲ್ ಸೆಲೆಕ್ಷನ್ (ಹಿಗ್ಗುವ ಸೆಲೆಕ್ಷನ್) ಇದೆ. ಹೊಸ ಮೇನ್ ಶಾಖೆ ಪೂರ್ತಿ ಹೊಸದಾಗಿ ಬರೆದದ್ದು, ಅದರಲ್ಲಿ ಇದನ್ನು ತೆಗೆದಿದ್ದಾರೆ. ಹಳೆಯ ಲೇಖನ ನೋಡಿ ಸೆಟ್ಟಿಂಗ್ ನಕಲು ಮಾಡಿ, ಕೆಲಸ ಮಾಡುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಬಹಳ ಜನ. ಎರಡು, ಹಿಗ್ಗಿಸಲು ಎಂಟರ್ ಕೀ ಇಡುವ ಆಸೆ ಎಲ್ಲರಿಗೂ ಬರುತ್ತದೆ. ನಾನೂ ಇಟ್ಟೆ. ಮರುದಿನ ಕ್ವಿಕ್‌ಫಿಕ್ಸ್ ಪಟ್ಟಿಯಲ್ಲಿ (ಹುಡುಕಿ ಸಿಕ್ಕ ಜಾಗಗಳ ಪಟ್ಟಿ) ಎಂಟರ್ ಒತ್ತಿದರೆ ಫೈಲ್ ತೆರೆಯುತ್ತಿಲ್ಲ! ಸೆಲೆಕ್ಷನ್ ಕೀ ಅದನ್ನು ನುಂಗಿತ್ತು. ಈಗ ಕಂಟ್ರೋಲ್-ಸ್ಪೇಸ್ ಇಟ್ಟಿದ್ದೇನೆ.

ನಾನು ಈಗ ಜಾಸ್ತಿ ಬಳಸುವುದು ಫ್ಲಾಶ್ ಪ್ಲಗಿನ್. ದೊಡ್ಡ ಎಸ್ ಒತ್ತಿದರೆ ಕರ್ಸರ್ ಸುತ್ತ ಇರುವ ಎಲ್ಲ ಕೊಂಬೆಗಳಿಗೂ ಒಂದೊಂದು ಅಕ್ಷರದ ಚೀಟಿ ಅಂಟಿಸುತ್ತದೆ. ಬೇಕಾದ ಚೀಟಿಯ ಅಕ್ಷರ ಒತ್ತಿದರೆ ಅಷ್ಟೂ ಸೆಲೆಕ್ಟ್. ಐದು ಸಲ ಹಿಗ್ಗಿಸುವ ಬದಲು ಎರಡು ಒತ್ತು.

ಕಾಫಿಕೋಡು
ಆ ದೊಡ್ಡ ಎಸ್ ಬಗ್ಗೆ ಎಚ್ಚರ ಹೇಳಿ ಮಾರಾಯ್ರೇ! ಸರೌಂಡ್ ಪ್ಲಗಿನ್ ಇದ್ದವರಿಗೆ ವಿಷುಯಲ್ ಮೋಡ್‌ನಲ್ಲಿ ದೊಡ್ಡ ಎಸ್ ಅಂದರೆ ಸೆಲೆಕ್ಟ್ ಮಾಡಿದ್ದರ ಸುತ್ತ ಕೋಟ್ಸ್ ಅಥವಾ ಆವರಣ ಹಾಕುವುದು. ಎರಡನ್ನೂ ಹಾಕಿಕೊಂಡರೆ ಒಂದು ಸೋಲುತ್ತದೆ. ಇಲಿಬಿಟ್ಟವ ಅವರ ಜಗಳ ಇದೇ ಇರಬೇಕು ಅಂತ ನನ್ನ ಅನುಮಾನ.

ಇಲಿಬಿಟ್ಟವ
ಇದೇ! ಸುತ್ತ ಕೋಟ್ಸ್ ಹಾಕಲು ಹೋದರೆ ಪರದೆ ತುಂಬ ಬಣ್ಣಬಣ್ಣದ ಅಕ್ಷರ ಬರುತ್ತಿತ್ತು. ವೈರಸ್ ಅಂದುಕೊಂಡೆ.

ಮರಕೋತಿ
ಫ್ಲಾಶ್‌ನ ದೊಡ್ಡ ಎಸ್ ಅನ್ನು ನಾರ್ಮಲ್ ಮೋಡ್‌ಗೆ ಮಾತ್ರ ಇಟ್ಟುಕೊಳ್ಳಿ. ವಿಷುಯಲ್ ಮೋಡ್ ಸರೌಂಡ್‌ಗೆ ಬಿಟ್ಟುಕೊಡಿ. ಮ್ಯಾಪ್ ಬರೆಯುವಾಗ ಮೋಡ್‌ಗಳ ಪಟ್ಟಿಯಿಂದ ವಿಷುಯಲ್ ಮೋಡ್ ಸೂಚಿಸುವ ‘ಎಕ್ಸ್’ ತೆಗೆದರೆ ಸಾಕು.

ಸುರುಳಿ
ಎಲ್ಲರೂ ಬೈಯ್ಯಿರಿ, ಪರವಾಗಿಲ್ಲ. ಹೀಲಿಕ್ಸ್ ಅನ್ನುವ ಎಡಿಟರ್ ನೋಡಿದ್ದೀರಾ?

ಒಂದು ವಿಷಯ ಗಮನಿಸಿ. ವಿಮ್‌ನಲ್ಲಿ ‘ಅಳಿಸು ಪದ’. ಕ್ರಿಯಾಪದ ಮೊದಲು, ಇಂಗ್ಲಿಷಿನ ಹಾಗೆ. ಹೀಲಿಕ್ಸ್‌ನಲ್ಲಿ ‘ಪದ ಅಳಿಸು’. ಮೊದಲು ಸೆಲೆಕ್ಷನ್, ಆಮೇಲೆ ಕೆಲಸ. ಕನ್ನಡದಲ್ಲಿ ನಾವು ಮಾತಾಡುವುದೇ ಹೀಗಲ್ವಾ? ‘ಬಾಗಿಲು ಹಾಕು’ ಅಂತೀವಿ, ‘ಹಾಕು ಬಾಗಿಲು’ ಅನ್ನುವುದು ಸಿಟ್ಟು ಬಂದಾಗ ಮಾತ್ರ. ಈ ಕ್ರಮ ಮೊದಲು ಕಾಕೂನ್ ಎಡಿಟರ್‌ನಲ್ಲಿತ್ತು, ಹೀಲಿಕ್ಸ್ ಅಲ್ಲಿಂದ ತೆಗೆದುಕೊಂಡಿತು. ‘ಡಬ್ಲ್ಯೂ’ ಒತ್ತಿದರೆ ಕರ್ಸರ್ ಹೋಗುವ ದಾರಿಯೇ ಸೆಲೆಕ್ಟ್ ಆಗಿರುತ್ತದೆ, ‘ಎಕ್ಸ್’ ಒತ್ತಿದರೆ ಸಾಲು. ಆಲ್ಟ್-ಓ ಒತ್ತಿದರೆ ಮರದಲ್ಲಿ ಒಂದು ಮೆಟ್ಟಿಲು ಮೇಲೆ, ಆಲ್ಟ್-ಐ ಒತ್ತಿದರೆ ಕೆಳಗೆ. ಟ್ರೀ-ಸಿಟರ್ ಒಳಗೇ ಇದೆ. ಪ್ಲಗಿನ್ ಶೂನ್ಯ, ಜಗಳವೂ ಶೂನ್ಯ.

ಇನ್ನೊಂದು ಮಜಾ. ‘%’ ಒತ್ತಿದರೆ ಪೂರ್ತಿ ಫೈಲ್ ಸೆಲೆಕ್ಟ್, ಆಮೇಲೆ ‘ಎಸ್’ ಒತ್ತಿ ಒಂದು ಪ್ಯಾಟರ್ನ್ ಕೊಟ್ಟರೆ ಹೊಂದುವ ಜಾಗದಲ್ಲೆಲ್ಲ ಒಂದೊಂದು ಕರ್ಸರ್.

ಸರ್ವರ್_ರೂಮ್
ಬಾಗಿಲಿನ ಮಾತು ಚೆನ್ನಾಗಿದೆ, ಒಪ್ಪಿದೆ. ಹಾಗೆ ನೋಡಿದರೆ ವಿಮ್‌ನ ವಿಷುಯಲ್ ಮೋಡ್ ಕೂಡ ಕನ್ನಡದ ಕ್ರಮವೇ. ಕಾಫಿಕೋಡು ಅವರಿಗೆ ಅದು ಯಾಕೆ ಹಿಡಿಸಿತು ಅಂತ ಈಗ ಗೊತ್ತಾಯಿತು.

ಆದರೆ ನನ್ನ ಹೊಟ್ಟೆಪಾಡು ಬೇರೆಯವರ ಸರ್ವರ್‌ಗಳಲ್ಲಿ. ಅಲ್ಲಿ ಹೀಲಿಕ್ಸ್ ಇರುವುದಿಲ್ಲ, ಪ್ಲಗಿನ್ ಹಾಕಲು ಬಿಡುವುದೂ ಇಲ್ಲ. ಆಲ್ಪೈನ್ (ಪುಟ್ಟ ಲಿನಕ್ಸ್) ಕಂಟೇನರ್ ಒಳಗೆ ಹೊಕ್ಕರೆ ಸಿಗುವುದು ಬ್ಯುಸಿಬಾಕ್ಸ್‌ನ ಚಿಕ್ಕ ವಿಐ. ಅದರಲ್ಲಿ ವಿಷುಯಲ್ ಮೋಡೇ ಇಲ್ಲ. ರಾತ್ರಿ ಎರಡಕ್ಕೆ ಸರ್ವಿಸ್ ಬಿದ್ದಿರುವಾಗ ‘ವಿ’ ಒತ್ತಿ ಏನೂ ಆಗಲಿಲ್ಲ ಅಂತ ಕೂತರೆ ಹೇಗೆ?

ಪದಗಳ ಹೆಸರು ಬದಲಿಸುವುದಕ್ಕೆ ಹತ್ತು ಕರ್ಸರ್ ಬೇಕಿಲ್ಲ. ಪದದ ಮೇಲೆ ‘*’ ಒತ್ತಿ, ಆಮೇಲೆ ‘ಸಿ-ಜಿ-ಎನ್’, ಹೊಸ ಹೆಸರು, ಎಸ್ಕೇಪ್. ‘ಜಿ-ಎನ್’ ಅಂದರೆ ಹುಡುಕಿದ್ದರಲ್ಲಿ ಮುಂದೆ ಸಿಗುವುದು. ಈಗ ಚುಕ್ಕೆ ಒತ್ತುತ್ತಾ ಹೋಗಿ. ಒಂದನ್ನು ಬಿಡಬೇಕೆಂದರೆ ‘ಎನ್’ ಒತ್ತಿ ದಾಟಿ. ಹೊಸ ವಿಮ್ ಎಲ್ಲದರಲ್ಲೂ ಇದೆ, ಪ್ಲಗಿನ್ ಬೇಡ.

ಒತ್ತಕ್ಷರ
ನಾನು ಕೋಡ್ ಬರೆಯುವವಳಲ್ಲ. ಸಾಫ್ಟ್‌ವೇರ್‌ಗಳ ಕನ್ನಡ ಅನುವಾದ ಮಾಡುತ್ತೇನೆ, ವಿಮ್‌ನಲ್ಲೇ. ನನ್ನ ಕಷ್ಟ ನಿಮಗೆ ಯಾರಿಗೂ ಬಂದಿರಲಾರದು.

‘ಸಾಫ್ಟ್‌ವೇರ್’ ಅಂತ ಬರೆಯುವಾಗ ‘ಫ್ಟ್’ ಮತ್ತು ‘ವೇ’ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಅದು ಇಲ್ಲದಿದ್ದರೆ ‘ವ’ ಒತ್ತಕ್ಷರವಾಗಿ ಕೆಳಗೆ ಇಳಿಯುತ್ತದೆ. ನನ್ನ ವಿಮ್‌ಗೆ ಆ ಅಕ್ಷರ ಒಂದು ವಿರಾಮ ಚಿಹ್ನೆ ಇದ್ದ ಹಾಗೆ. ‘ವಿ-ಐ-ಡಬ್ಲ್ಯೂ’ ಒತ್ತಿದರೆ ‘ಸಾಫ್ಟ್’ ಮಾತ್ರ ಸೆಲೆಕ್ಟ್ ಆಗುತ್ತದೆ, ‘ವೇರ್’ ಹೊರಗೆ ನಿಂತಿರುತ್ತದೆ. ಎಷ್ಟೋ ದಿನ ಅರ್ಧ ಪದ ಅಳಿಸಿ ‘ವೇರ್’ ಬಾಲಗಳನ್ನು ಫೈಲ್ ತುಂಬ ಚೆಲ್ಲಿದ್ದೇನೆ. ಸಣ್ಣ ಡಬ್ಲ್ಯೂ ಬದಲು ದೊಡ್ಡ ಡಬ್ಲ್ಯೂ ಬಳಸಿದರೆ ಪೂರ್ತಿ ಬರುತ್ತದೆ. ಆದರೆ ಅಂಟಿಕೊಂಡ ಅಲ್ಪವಿರಾಮವೂ ಜೊತೆಗೆ ಬರುತ್ತದೆ.

ಇನ್ನೊಂದು, ಕನ್ನಡ ಕೀಲಿಮಣೆ ಆನ್ ಇದ್ದಾಗ ಎಸ್ಕೇಪ್ ಒತ್ತಿ ‘ವಿ’ ಒತ್ತಿದರೆ ಎಡಿಟರ್‌ಗೆ ತಲುಪುವುದು ‘ವ’. ಅದಕ್ಕೆ ‘ವ’ ಅಂದರೆ ಏನಂತ ಗೊತ್ತಿಲ್ಲ. ಪ್ರತಿ ಸಲ ಕೀಲಿಮಣೆ ಬದಲಿಸಬೇಕು. ವೇಗದ ಮಾತು ಬಿಡಿ, ನಾನು ದಿನಕ್ಕೆ ನೂರು ಸಲ ಭಾಷೆ ಬದಲಿಸುತ್ತೇನೆ.

ಧಾರವಾಡ_ಪೇಡಾ
ಅಕ್ಕಾ, ಇದು ನಿಜವಾದ ಬಗ್ ನೋಡ್ರಿ. ನಾವು ಆವರಣ, ಕೊಂಬೆ ಅಂತ ಹರಟೆ ಹೊಡೆಯಾಕತ್ತೀವಿ.

ಸರ್ವರ್_ರೂಮ್
ಒತ್ತಕ್ಷರ ಮೇಡಂ, ವಿಮ್-ಟೆಕ್ಸ್ಟ್‌ಆಬ್ಜ್-ಯೂಸರ್ ಅಂತ ಒಂದು ಪ್ಲಗಿನ್ ಇದೆ. ಪ್ಯಾಟರ್ನ್ ಕೊಟ್ಟರೆ ನಿಮ್ಮದೇ ಟೆಕ್ಸ್ಟ್ ಆಬ್ಜೆಕ್ಟ್ ಮಾಡಿಕೊಡುತ್ತದೆ. ಸ್ಪೇಸ್, ಅಲ್ಪವಿರಾಮ, ಪೂರ್ಣವಿರಾಮ, ಕೋಟ್ಸ್ ಬಿಟ್ಟು ಉಳಿದದ್ದೆಲ್ಲ ಒಂದು ಪದ ಅಂತ ಪ್ಯಾಟರ್ನ್ ಬರೆಯಿರಿ. ‘ಐ-ಕೆ’ ಅಂತ ಕೀ ಇಡಿ, ಕನ್ನಡದ ‘ಕೆ’. ಅಲ್ಲಿಗೆ ಕಾಣದ ಅಕ್ಷರ ಪದದ ಒಳಗೇ ಉಳಿಯುತ್ತದೆ.

ನೋಡಿ, ನಾನೂ ಪ್ಲಗಿನ್ ಹಾಕಿ ಅಂತ ಹೇಳಿಬಿಟ್ಟೆ.

ಕಾಫಿಕೋಡು
ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ.

ಮರಕೋತಿ
ಅನುವಾದದ ಫೈಲಿನಲ್ಲಿ ವಾಕ್ಯ ಕೋಟ್ಸ್ ಒಳಗೇ ಇರುತ್ತದಲ್ವಾ? ಸಾಲಿನಲ್ಲಿ ಎಲ್ಲಿ ನಿಂತು ‘ಸಿ-ಐ-"’ ಒತ್ತಿದರೂ ಮುಂದಿನ ಕೋಟ್ಸ್‌ಗೆ ತಾನೇ ಹೋಗುತ್ತದೆ.

ಒತ್ತಕ್ಷರ
ಅದನ್ನೇ ಬಳಸುತ್ತೇನೆ. ಆದರೆ ಅದು ಒಂದೇ ಸಾಲಿನೊಳಗೆ ನೋಡುತ್ತದೆ. ಉದ್ದ ವಾಕ್ಯ ನಾಲ್ಕು ಸಾಲಿಗೆ ಒಡೆದಿದ್ದರೆ ನಾಲ್ಕು ಸಲ ಮಾಡಬೇಕು. ‘ಐ-ಕೆ’ ಇವತ್ತು ರಾತ್ರಿ ಮಾಡಿ ನೋಡುತ್ತೇನೆ. ಸರ್ವರ್_ರೂಮ್ ಸರ್‌ಗೆ ಧನ್ಯವಾದ.

ಇಲಿಬಿಟ್ಟವ
ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

11ರಲ್ಲಿ ಉಳಿದದ್ದು ಮೂರು, ಹೊಸದೊಂದು ಸೇರಿ ಈಗ ನಾಲ್ಕು. ಟ್ರೀ-ಸಿಟರ್, ಫ್ಲಾಶ್, ಸರೌಂಡ್, ಮತ್ತೆ ಧಾರವಾಡದ ಅಣ್ಣ ಹೇಳಿದ ಇಂಡೆಂಟ್ ಆಬ್ಜೆಕ್ಟ್. ಅದು ಹೊಸದಾಗಿ ಸೇರಿದ್ದು. ಹಿಗ್ಗುವ ಸೆಲೆಕ್ಷನ್‌ಗೆ ಕಂಟ್ರೋಲ್-ಸ್ಪೇಸ್ ಇಟ್ಟೆ. ವಿಚಿತ್ರ ಅಂದರೆ, ಅದಕ್ಕಾಗಿ ಅಷ್ಟು ಗೋಳಾಡಿದ ನಾನು ಈಗ ಅದನ್ನು ದಿನಕ್ಕೆ ಎರಡು ಸಲ ಬಳಸಿದರೆ ಹೆಚ್ಚು. ‘ಸಿ-ಐ-(’ ಬೆರಳಿಗೆ ಬಂದುಬಿಟ್ಟಿದೆ. ಯಾಮಲ್‌ನಲ್ಲಿ ಮಾತ್ರ ‘ವಿ-ಎ-ಐ’ ಒತ್ತಿ, ಕಣ್ಣಲ್ಲಿ ನೋಡಿ, ಆಮೇಲೆಯೇ ಕೈ ಹಾಕುತ್ತೇನೆ. ಕಾಫಿಕೋಡು ಮೇಡಂ ಹೇಳಿದ್ದು ಅಲ್ಲಿ ಸರಿ.

ಒಂದು ಮಾತ್ರ ಕೈ ಹತ್ತುತ್ತಿಲ್ಲ. ಕಂಟ್ರೋಲ್-ವಿ ಒತ್ತಿ ಹತ್ತು ಸಾಲು ಹಿಡಿಯುತ್ತೇನೆ. ದೊಡ್ಡ ಐ ಒತ್ತಿ ಕಾಮೆಂಟ್ ಚಿಹ್ನೆ ಬರೆಯುತ್ತೇನೆ. ಮೊದಲ ಸಾಲಿಗೆ ಮಾತ್ರ ಬರುತ್ತದೆ. ಒಂಬತ್ತು ಸಾಲು ಹಾಗೇ.

ಕಾಫಿಕೋಡು
ಬರೆಯುವಾಗ ಮೊದಲ ಸಾಲಲ್ಲಷ್ಟೇ ಕಾಣುತ್ತದೆ. ಎಸ್ಕೇಪ್ ಒತ್ತಿದ ಮೇಲೆ ಉಳಿದ ಸಾಲಿಗೂ ಬರುತ್ತದೆ. ಎಸ್ಕೇಪ್ ಒತ್ತುತ್ತೀರಿ ತಾನೇ? ಕಂಟ್ರೋಲ್-ಸಿ ಒತ್ತಿ ಹೊರಬಂದರೆ ಬರುವುದಿಲ್ಲ.

ಇಲಿಬಿಟ್ಟವ
…ಕಂಟ್ರೋಲ್-ಸಿ. ಎಸ್ಕೇಪ್ ದೂರ ಅಂತ ಶುರುವಿನಿಂದ ಅದನ್ನೇ ಒತ್ತುತ್ತಿದ್ದೆ.

ಸರ್ವರ್_ರೂಮ್
ಕಂಟ್ರೋಲ್-[ ಒತ್ತಿ. ಅದು ಎಸ್ಕೇಪೇ.

ಇಲಿಬಿಟ್ಟವ
ಹತ್ತೂ ಸಾಲಿಗೆ ಬಂತು!